ಮಗ್ಗ ಯಾರ ಹೆಸರಿನಲ್ಲಿದೆ?

ಒಂದು ಸೀರೆ ನೇಯಲು ಎಷ್ಟು ಮಂದಿ ಬೇಕು? ಬಟ್ಟೆ ಅಂಗಡಿಯಲ್ಲಿ ಸೀರೆಯ ಮಡಿಕೆ ಬಿಚ್ಚಿ ಅಂಚು, ಸೆರಗು, ಬಣ್ಣ ನೋಡಿ ಚೌಕಾಸಿ ಮಾಡುವಾಗ ಈ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. ಯಾರೋ ಒಬ್ಬ ನೇಕಾರ ಮಗ್ಗದ ಮುಂದೆ ಕುಳಿತು ನೇಯ್ದಿರಬೇಕು ಎಂದುಕೊಳ್ಳುತ್ತೇವೆ. ಆದರೆ ನೇಕಾರರ ಮನೆಯೊಳಗೆ ಹೋಗಿ ನೋಡಿದರೆ ವಿಷಯ ಬೇರೆಯೇ ಇದೆ. ಲಡಿಯಲ್ಲಿ ಬಂದ ನೂಲನ್ನು ಬಿಡಿಸಬೇಕು. ಬಣ್ಣದಲ್ಲಿ ಅದ್ದಿ ಒಣಗಿಸಬೇಕು. ಗಂಜಿ ಹಾಕಬೇಕು. ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತಬೇಕು. ಹಾಸು ಹೂಡಬೇಕು. ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಹಾಸಿನ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಇಷ್ಟೆಲ್ಲ ಆದ ಮೇಲೆಯೇ ಲಾಳಿ ಓಡಲು ಶುರುವಾಗುತ್ತದೆ.

ಈ ಕೆಲಸಗಳಲ್ಲಿ ಹೆಚ್ಚಿನವನ್ನು ಮಾಡುವವರು ಮನೆಯ ಹೆಂಗಸರು. ಅಡುಗೆ ಇಳಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಆಮೇಲೆ ರಾಟೆಯ ಮುಂದೆ ಕೂರುತ್ತಾರೆ. ಸಂಜೆಯ ತನಕ ಸುತ್ತಿದ ಕಂಡಿಕೆಗಳಿಗೆ ಬೇರೆ ಕೂಲಿ ಇಲ್ಲ. ಸೀರೆ ಮುಗಿದಾಗ ಬರುವ ಹಣ ಮಗ್ಗದ ಮೇಲೆ ಕುಳಿತವನ ಕೂಲಿ ಎಂದೇ ಲೆಕ್ಕವಾಗುತ್ತದೆ. "ನೀವೇನು ಕೆಲಸ ಮಾಡುತ್ತೀರಿ?" ಎಂದು ಆ ಹೆಂಗಸರನ್ನು ಕೇಳಿದರೆ "ಏನಿಲ್ಲ, ಮನೆಯಲ್ಲೇ ಇರುವುದು" ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

ನೇಕಾರರಿಗೆ ಮಗ್ಗ ಮತ್ತು ಸಲಕರಣೆ ಕೊಳ್ಳಲು ಸರಕಾರ ಸಹಾಯಧನ ಕೊಡುತ್ತದೆ ಎಂಬ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಆ ನೆರವಿನ ಬಗ್ಗೆ ತಿಳಿಯುವಾಗ "ಮನೆಯಲ್ಲೇ ಇರುವುದು" ಎಂಬ ಈ ಮಾತನ್ನು ಮರೆಯಬಾರದು. ಏಕೆಂದರೆ ಸರಕಾರದ ನೆರವು ನೇಕಾರ ಎಂದು ದಾಖಲೆಯಲ್ಲಿ ಇರುವವರಿಗೆ ಸಿಗುತ್ತದೆ. ದಾಖಲೆಯಲ್ಲಿ ಇಲ್ಲದವರು ಎಷ್ಟು ದುಡಿದರೂ ಅವರ ಹೆಸರಿಗೆ ಮಗ್ಗ ಬರುವುದಿಲ್ಲ.

ಗಣತಿ ಹೇಳುವುದೇನು?

ನಮ್ಮ ದೇಶದಲ್ಲಿ ಈವರೆಗೆ ನಾಲ್ಕು ಬಾರಿ ಕೈಮಗ್ಗ ಗಣತಿ ನಡೆದಿದೆ. 1987-88ರ ಮೊದಲ ಗಣತಿಯಲ್ಲಿ ಸುಮಾರು 67 ಲಕ್ಷ ಮಂದಿ ಈ ಕಸುಬಿನಲ್ಲಿದ್ದರು. 1995-96ರಲ್ಲಿ ಅದು ಸುಮಾರು 65 ಲಕ್ಷಕ್ಕೆ ಇಳಿಯಿತು. 2009-10ರ ಹೊತ್ತಿಗೆ ಉಳಿದವರು 43 ಲಕ್ಷ. 2019-20ರ ನಾಲ್ಕನೆಯ ಗಣತಿಯಲ್ಲಿ ನೇಕಾರರು ಮತ್ತು ಸಹಾಯಕ ಕೆಲಸಗಾರರು ಸೇರಿ 35.22 ಲಕ್ಷ. ಮೂವತ್ತು ವರ್ಷಗಳಲ್ಲಿ ಈ ಕಸುಬಿನ ಮಂದಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರು.

ಉಳಿದ 35 ಲಕ್ಷದಲ್ಲಿ ಮಹಿಳೆಯರು ಸುಮಾರು 25 ಲಕ್ಷ. ಅಂದರೆ ನೂರಕ್ಕೆ ಎಪ್ಪತ್ತೆರಡು ಮಂದಿ. ಇದರಲ್ಲಿ ಅಸ್ಸಾಂ ಮತ್ತು ಈಶಾನ್ಯ ರಾಜ್ಯಗಳ ಪಾಲು ದೊಡ್ಡದು. ಅಲ್ಲಿ ಮಗ್ಗ ಎಂದರೆ ಹೆಂಗಸರದ್ದೇ. ಹುಡುಗಿ ದೊಡ್ಡವಳಾಗುವಷ್ಟರಲ್ಲಿ ನೇಯ್ಗೆ ಕಲಿತಿರುತ್ತಾಳೆ. ಮನೆಯ ಅಂಗಳದ ಮಗ್ಗದಲ್ಲಿ ಮನೆಯವರಿಗೆ ಬೇಕಾದ ಬಟ್ಟೆಯನ್ನೂ ಮಾರಾಟದ ಬಟ್ಟೆಯನ್ನೂ ನೇಯುತ್ತಾಳೆ. ಬನಾರಸ್‌ನಲ್ಲಿ ಹಾಗಲ್ಲ. ಅಲ್ಲಿ ಮಗ್ಗದ ಮೇಲೆ ಗಂಡಸು, ಸುತ್ತಲಿನ ಕೆಲಸಕ್ಕೆ ಹೆಂಗಸು ಎಂಬ ಹಂಚಿಕೆ ತಲೆಮಾರುಗಳಿಂದ ಬಂದಿದೆ.

ಅದೇ ಗಣತಿಯ ಇನ್ನೊಂದು ಅಂಶ ಮನಸ್ಸಿಗೆ ಚುಚ್ಚುತ್ತದೆ. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಎಂದು ಅದು ಹೇಳುತ್ತದೆ. ಇಡೀ ಸಂಸಾರ ಸೇರಿ ದುಡಿದು ಬರುವ ಹಣವದು. ಇಂಥ ಮನೆಯಲ್ಲಿ ಒಂದು ಹೊಸ ಮಗ್ಗ ಕೊಳ್ಳಲು ಹಣ ಎಲ್ಲಿಂದ ಬರಬೇಕು? ಮುರಿದ ಭಾಗಕ್ಕೆ ಹಗ್ಗ ಕಟ್ಟಿ, ಸವೆದ ಹಲಗೆಗೆ ಮೊಳೆ ಹೊಡೆದು ಅಜ್ಜನ ಕಾಲದ ಮಗ್ಗದಲ್ಲೇ ನೇಯುವುದು ಬಡತನದಿಂದಲೇ ಹೊರತು ಹಳೆಯದರ ಮೇಲಿನ ಮೋಹದಿಂದಲ್ಲ.

ಸಲಕರಣೆ ಬದಲಾದರೆ ಏನಾಗುತ್ತದೆ?

ನಮ್ಮ ಕಡೆ ಹೆಚ್ಚಾಗಿ ಕಾಣುವುದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಕಾರ ನೆಲದ ಮಟ್ಟದಲ್ಲೇ ಕೂರುತ್ತಾನೆ. ಮಳೆಗಾಲದಲ್ಲಿ ಕುಣಿಗೆ ತೇವ ಏರುತ್ತದೆ. ನೀರು ನುಗ್ಗಿದರೆ ಕೆಲಸವೇ ನಿಂತುಹೋಗುತ್ತದೆ. ವರ್ಷಗಟ್ಟಲೆ ಹೀಗೆ ಕೂತವರಿಗೆ ಸೊಂಟ ಮತ್ತು ಮೊಣಕಾಲು ನೋವು ಬಿಟ್ಟಿದ್ದಲ್ಲ. ಬಸುರಿಯೊಬ್ಬಳು ಆ ಕುಣಿಗೆ ಇಳಿದು ಹತ್ತುವುದು ಎಷ್ಟು ಕಷ್ಟ ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಲದ ಮೇಲೆ ನಿಲ್ಲುವ ಚೌಕಟ್ಟಿನ ಮಗ್ಗದಲ್ಲಿ ಬೆಂಚಿನ ಮೇಲೆ ಕುಳಿತು ನೇಯಬಹುದು. ಕುಣಿಯ ತೇವ ಇಲ್ಲ, ಇಳಿದು ಹತ್ತುವ ಕಷ್ಟವೂ ಇಲ್ಲ.

ಇನ್ನು ಜಕಾರ್ಡ್. ಸೀರೆಯ ಅಂಚಿನಲ್ಲಿ, ಸೆರಗಿನಲ್ಲಿ ಹೂ ಬಳ್ಳಿ ಮೂಡಿಸಲು ಯಾವ ಎಳೆ ಮೇಲೆ ಏಳಬೇಕು, ಯಾವುದು ಕೆಳಗೆ ಉಳಿಯಬೇಕು ಎಂಬುದನ್ನು ತೂತು ಕೊರೆದ ರಟ್ಟುಗಳ ಮೂಲಕ ನಿರ್ಧರಿಸುವ ಸಾಧನ ಇದು. ಬನಾರಸ್‌ನ ಹಳೆಯ ಪದ್ಧತಿಯಲ್ಲಿ ಈ ಕೆಲಸಕ್ಕೆ ನೇಕಾರನ ಜೊತೆಗೆ ಇನ್ನೊಬ್ಬ ಬೇಕಿತ್ತು. ಹೆಚ್ಚಾಗಿ ಹುಡುಗನೊಬ್ಬ ಮಗ್ಗದ ಬಳಿ ಕುಳಿತು ದಿನವಿಡೀ ದಾರಗಳನ್ನು ಎಳೆಯುತ್ತಿದ್ದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಕಾರ್ಡ್ ಬಂದ ಮೇಲೆ ಆ ದಾರ ಎಳೆಯುವವನ ಅಗತ್ಯ ಕ್ರಮೇಣ ಕಡಿಮೆಯಾಯಿತು. ಆದರೆ ಜಕಾರ್ಡನ್ನು ಕಾಲಿನಿಂದ ತುಳಿದು ಎತ್ತಬೇಕು. ಭಾರ ಹೆಚ್ಚು. ಈಗ ಸಣ್ಣ ಮೋಟಾರಿನಿಂದ ಜಕಾರ್ಡ್ ಎತ್ತುವ ವ್ಯವಸ್ಥೆಯೂ ಬಂದಿದೆ. ಕಾಲಿನ ಶಕ್ತಿ ಸಾಲದೆಂದು ಮಗ್ಗ ಬಿಡುವ ವಯಸ್ಸಾದವರಿಗೂ ಮಹಿಳೆಯರಿಗೂ ಇದು ದೊಡ್ಡ ಸಹಾಯ.

ನೇಯ್ದ ಬಟ್ಟೆಯನ್ನು ತಾನಾಗಿ ಸುತ್ತಿಕೊಂಡು ಹಾಸನ್ನು ಅಳತೆಗೆ ತಕ್ಕಂತೆ ಸಡಿಲಿಸುವ ಸಾಧನವೂ ಇದೆ. ಇದಿಲ್ಲದಿದ್ದರೆ ನೇಕಾರ ಆಗಾಗ ಕೆಲಸ ನಿಲ್ಲಿಸಿ ಬಟ್ಟೆ ಸುತ್ತಬೇಕು. ಸುತ್ತುವುದು ಹೆಚ್ಚುಕಡಿಮೆಯಾದರೆ ಒಂದು ಕಡೆ ಬಟ್ಟೆ ದಟ್ಟವಾಗಿ, ಇನ್ನೊಂದು ಕಡೆ ತೆಳ್ಳಗಾಗಿ ಬರುತ್ತದೆ. ವ್ಯಾಪಾರಿ ಅದನ್ನೇ ತೋರಿಸಿ ಕೂಲಿ ಮುರಿಯುತ್ತಾನೆ.

ಹೆಂಗಸರ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮೋಟಾರಿನಿಂದ ಕಂಡಿಕೆ ಸುತ್ತುವ ಯಂತ್ರ. ರಾಟೆಯಲ್ಲಿ ಒಂದು ಕೈ ತಿರುಗಿಸುತ್ತಲೇ ಇರಬೇಕು, ಇನ್ನೊಂದು ಕೈ ಎಳೆ ಹಿಡಿದಿರಬೇಕು, ಒಮ್ಮೆಗೆ ಒಂದೇ ಕಂಡಿಕೆ. ಯಂತ್ರದಲ್ಲಿ ಒಟ್ಟಿಗೆ ಹಲವು ಕಂಡಿಕೆ ತುಂಬುತ್ತವೆ. ಹಾಗೆಯೇ ಹಾಸು ಹೂಡುವ ಯಂತ್ರ. ಬೀದಿಯ ಉದ್ದಕ್ಕೂ ನೂಲು ಹರಡಿ ಮನೆಮಂದಿಯೆಲ್ಲ ಬಿಸಿಲಲ್ಲಿ ಓಡಾಡಬೇಕಾದ ಕೆಲಸ ಒಳಗೇ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಆ ತಾಯಿ ತಾನೇ ಮಗ್ಗದ ಮೇಲೆ ಕೂತು ನೇಯಬಹುದು, ಮಕ್ಕಳ ಪಾಠ ನೋಡಬಹುದು, ಇಲ್ಲವೇ ಸ್ವಲ್ಪ ಬೆನ್ನು ನೆಲಕ್ಕೆ ಹಚ್ಚಬಹುದು.

ನೆರವಿನ ಹಿನ್ನೆಲೆ

ನೇಕಾರರ ಕೈಗೆ ಉತ್ತಮ ಸಲಕರಣೆ ಕೊಡಬೇಕು ಎಂಬ ವಿಚಾರ ಹೊಸದಲ್ಲ. ನಮ್ಮ ಕರಾವಳಿಯಲ್ಲೇ ಅದಕ್ಕೊಂದು ಹಳೆಯ ಉದಾಹರಣೆ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ನೇಯ್ಗೆಯ ಕಾರ್ಖಾನೆ ನಡೆಸುತ್ತಿದ್ದರು. 1851ರಲ್ಲಿ ಬಂದ ಹಾಲರ್ ಎಂಬ ನುರಿತ ನೇಕಾರ, ಹಗ್ಗ ಎಳೆದರೆ ಲಾಳಿ ತಾನಾಗಿ ಓಡುವ ಯುರೋಪಿನ ಮಗ್ಗವನ್ನು ಅಲ್ಲಿ ಬಳಕೆಗೆ ತಂದರು. ಬಲ್ಮಠದ ಆ ಕಾರ್ಖಾನೆಯಲ್ಲೇ ಖಾಕಿ ಬಣ್ಣ ತಯಾರಾಯಿತು ಎಂಬುದು ಹೆಸರಾದ ಕತೆ. ಕೈಯಿಂದ ಲಾಳಿ ಎಸೆದು ಹಿಡಿಯುವುದಕ್ಕಿಂತ ಓಡುವ ಲಾಳಿಯಿಂದ ಕೆಲಸ ಬಹಳ ಬೇಗ ಸಾಗುತ್ತದೆ. ಮುಂದೆ ಇದು ದೇಶದ ಬೇರೆ ಕಡೆಗಳಿಗೂ ಹರಡಿತು.

ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ಒಂದು ಕಾಯಿದೆಯ ಮೂಲಕ ಗಿರಣಿ ಬಟ್ಟೆಯ ಮೇಲೆ ಹೆಚ್ಚುವರಿ ಸುಂಕ ಹಾಕಿ, ಆ ಹಣವನ್ನು ಖಾದಿ ಮತ್ತು ಕೈಮಗ್ಗದ ಏಳಿಗೆಗೆ ಬಳಸುವ ವ್ಯವಸ್ಥೆ ಆಯಿತು. 1956ರಿಂದ ನೇಕಾರರ ಸೇವಾ ಕೇಂದ್ರಗಳು ಆರಂಭವಾದವು. ವಿನ್ಯಾಸ, ಬಣ್ಣ, ಸಲಕರಣೆಗಳ ಬಗ್ಗೆ ತರಬೇತಿ ಕೊಡುವುದು ಇವುಗಳ ಕೆಲಸ. ಬೆಂಗಳೂರಿನಲ್ಲೂ ಅಂಥ ಕೇಂದ್ರ ಇದೆ. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು ಎಂಬ ಮೀಸಲು ಕಾಯಿದೆ ಬಂತು. ನಮ್ಮ ರಾಜ್ಯದಲ್ಲಿ 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅದರ ಪ್ರಿಯದರ್ಶಿನಿ ಮಳಿಗೆಗಳನ್ನು ಹಲವರು ಬಲ್ಲರು.

ನೂರಕ್ಕೆ ತೊಂಬತ್ತು

ಈಗಿನ ಸಲಕರಣೆ ಯೋಜನೆಯ ಹೆಸರು 'ಹಥ್‌ಕರ್ಘಾ ಸಂವರ್ಧನ ಸಹಾಯತಾ'. ಕೈಮಗ್ಗ ಉನ್ನತಿ ನೆರವು ಎಂದು ಅರ್ಥ. ಕೇಂದ್ರ ಸರಕಾರ 2016ರ ಡಿಸೆಂಬರ್ 1ರಂದು ಇದನ್ನು ಆರಂಭಿಸಿತು. ಮುಂದೆ 2021-22ರಿಂದ 2025-26ರ ಅವಧಿಗೆ ರೂಪಿಸಿದ ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ಕಾರ್ಯಕ್ರಮದಲ್ಲೂ ಸಲಕರಣೆಯ ನೆರವು ಮುಂದುವರಿಯಿತು.

ಇದರ ಲೆಕ್ಕ ಸರಳ. ಮಗ್ಗ ಅಥವಾ ಸಲಕರಣೆಯ ಬೆಲೆಯಲ್ಲಿ ಶೇ. 90 ಸರಕಾರದ್ದು, ಶೇ. 10 ನೇಕಾರರದ್ದು. ಉದಾಹರಣೆಗೆ ಒಂದು ಸಲಕರಣೆಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. ನೇಕಾರರು ಕೊಡಬೇಕಾದದ್ದು 3,000 ಮಾತ್ರ, ಉಳಿದ 27,000 ಸರಕಾರ ಭರಿಸುತ್ತದೆ. ಸರಕಾರದ ಪಾಲು ಸಲಕರಣೆ ಒದಗಿಸುವವರಿಗೆ ಹೋಗುವಂತೆ ಯೋಜನೆಯನ್ನು ರೂಪಿಸಲಾಯಿತು. ನಗದು ಕೈಗೆ ಬಂದು ಇನ್ನಾವುದೋ ಖರ್ಚಿಗೆ ಕರಗಿಹೋಗುವ ಭಯ ಇದರಿಂದ ತಪ್ಪುತ್ತದೆ.

ಮನೆಯಲ್ಲಿ ಮಗ್ಗ ಹೂಡಲು ಜಾಗ ಇಲ್ಲದವರಿಗೆ ಕೆಲಸದ ಕೊಠಡಿ ಕಟ್ಟಿಕೊಳ್ಳಲು ಇದೇ ಕಾರ್ಯಕ್ರಮದಲ್ಲಿ ನೆರವಿದೆ. ಒಂದು ಕೊಠಡಿಗೆ 1.20 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿ, ಬಡತನ ರೇಖೆಯ ಕೆಳಗಿನವರಿಗೆ, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಪೂರ್ತಿ ವೆಚ್ಚ ಕೊಡುವ ಏರ್ಪಾಡು ಅದು. 'ಮಹಿಳೆಯರಿಗೆ' ಎಂಬ ಪದವನ್ನು ಗಮನಿಸಿ. ಅರ್ಜಿ ಹೆಣ್ಣಿನ ಹೆಸರಿನಲ್ಲಿದ್ದರೆ ಮನೆಗೆ ಲಾಭವೇ ಹೊರತು ನಷ್ಟವಿಲ್ಲ.

ನಮ್ಮ ಮನೆಗಳಲ್ಲಿ ಏಳುವ ಒಂದು ಪ್ರಶ್ನೆಗೆ ಇಲ್ಲೇ ಉತ್ತರ ಹೇಳಬೇಕು. ನೇಕಾರರಿಗೆ ಮುದ್ರಾ ಯೋಜನೆಯಡಿ ಶೇ. 6ರ ರಿಯಾಯಿತಿ ಬಡ್ಡಿಯ ಸಾಲವೂ ಇದೆ. ಬಡ್ಡಿ ಎಂಬ ಮಾತು ಕೇಳಿದ ಕೂಡಲೇ ಹಲವು ಕುಟುಂಬಗಳು "ಸರಕಾರದ್ದು ಯಾವುದೂ ಬೇಡ" ಎಂದು ಬಾಗಿಲು ಹಾಕಿಕೊಳ್ಳುತ್ತವೆ. ಆದರೆ ಸಲಕರಣೆಯ ಸಹಾಯಧನ ಸಾಲವಲ್ಲ. ಅದನ್ನು ಮರಳಿ ಕಟ್ಟಬೇಕಿಲ್ಲ, ಅದಕ್ಕೆ ಬಡ್ಡಿಯೂ ಇಲ್ಲ. ಸಾಲ ಬೇಡವೆನ್ನುವವರು ಅದನ್ನು ಬಿಟ್ಟು ಇದನ್ನು ಮಾತ್ರ ಕೇಳಬಹುದು. ಎರಡನ್ನೂ ಒಂದೇ ಎಂದು ತಿಳಿದು ಹಕ್ಕನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಬನಾರಸ್‌ನ ಅಂಗಳದಲ್ಲಿ

ನೇಯ್ಗೆ ಎಂದೂ ಒಂದೇ ಸಮುದಾಯದ ಸೊತ್ತಾಗಿರಲಿಲ್ಲ. ನಮ್ಮಲ್ಲಿ ದೇವಾಂಗ, ಪದ್ಮಸಾಲಿ, ಪಟ್ಟಸಾಲಿ, ಸ್ವಕುಳಸಾಲಿ, ಕುರುಹಿನಶೆಟ್ಟಿ ಮುಂತಾದ ಸಮುದಾಯಗಳು ಇದನ್ನು ನಡೆಸಿಕೊಂಡು ಬಂದಿವೆ. ವಚನಕಾರ ದಾಸಿಮಯ್ಯನೂ ನೇಕಾರ, ಬನಾರಸ್‌ನ ಕಬೀರನೂ ನೇಕಾರ. ಆ ಬನಾರಸ್‌ನಲ್ಲಿ ಜರಿ ಸೀರೆ ನೇಯುವವರಲ್ಲಿ ದೊಡ್ಡ ಪಾಲು ಅನ್ಸಾರಿ ಮುಸ್ಲಿಮರು. ಮದನ್‌ಪುರ, ಅಲೈಪುರ ಮುಂತಾದ ಮೊಹಲ್ಲಾಗಳಲ್ಲಿ ತಲೆಮಾರುಗಳಿಂದ ಮಗ್ಗದ ಸದ್ದು ಕೇಳುತ್ತಿದೆ. ಯಾವ ಧರ್ಮದ ಮದುಮಗಳೇ ಆಗಲಿ, ಬನಾರಸ್ ಸೀರೆ ಉಟ್ಟಾಗ ಆ ಮನೆಗಳ ದುಡಿಮೆಯನ್ನೇ ಉಡುತ್ತಾಳೆ.

ಅಲ್ಲಿನ ಹೆಂಗಸರು ರೇಷ್ಮೆ ಬಿಡಿಸುತ್ತಾರೆ, ಕಂಡಿಕೆ ತುಂಬುತ್ತಾರೆ, ನೇಯ್ದ ಸೀರೆಯ ಹಿಂಬದಿಯಲ್ಲಿ ಜೋತಾಡುವ ಎಳೆಗಳನ್ನು ಕತ್ತರಿಸುತ್ತಾರೆ. ಮಗ್ಗದ ಮೇಲೆ ಕೂರುವುದು ಅಪರೂಪ. ನೂಲು ಕೊಟ್ಟು ಸೀರೆ ಕೊಳ್ಳುವ ಗದ್ದೀದಾರರ ಜೊತೆ ಮಾತಾಡುವವರು ಗಂಡಸರು. ಹಾಗಾಗಿ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಬೀಳುವುದಿಲ್ಲ. ಪತಿ ಕಾಯಿಲೆ ಬಿದ್ದರೆ ಅಥವಾ ತೀರಿಹೋದರೆ, ಕೆಲಸ ಬಲ್ಲ ಕೈ ಮನೆಯಲ್ಲೇ ಇದ್ದರೂ 'ನೇಕಾರ' ಎಂಬ ದಾಖಲೆ ಅವನೊಂದಿಗೇ ಹೋಗಿರುತ್ತದೆ.

ಬನಾರಸ್‌ನ ಇನ್ನೊಂದು ಕಷ್ಟ ವಿದ್ಯುತ್ ಮಗ್ಗ. ಕೈಮಗ್ಗದಲ್ಲಿ ವಾರಗಟ್ಟಲೆ ಹಿಡಿಯುವ ಸೀರೆಯ ನಕಲನ್ನು ವಿದ್ಯುತ್ ಮಗ್ಗ ಬೇಗನೆ ಹೊರಹಾಕುತ್ತದೆ. 2006ರಲ್ಲಿ ಉತ್ತರ ಪ್ರದೇಶ ಸರಕಾರ ವಿದ್ಯುತ್ ಮಗ್ಗಗಳಿಗೆ ಮಗ್ಗವೊಂದಕ್ಕೆ ಇಷ್ಟು ಎಂಬ ನಿಗದಿತ ದರದಲ್ಲಿ ಕರೆಂಟು ಕೊಡುವ ಯೋಜನೆ ತಂದಿತು. ಅದು ನೇಕಾರರಿಗೆಂದೇ ತಂದದ್ದು, ಅನೇಕರಿಗೆ ಅನ್ನವನ್ನೂ ಕೊಟ್ಟಿತು. ಆದರೆ ಅಗ್ಗದ ಕರೆಂಟಿನಲ್ಲಿ ಓಡುವ ವಿದ್ಯುತ್ ಮಗ್ಗಕ್ಕೂ ಕುಣಿಯಲ್ಲಿ ಕೂತು ನೇಯುವ ಕೈಮಗ್ಗಕ್ಕೂ ಪೈಪೋಟಿ ಎಲ್ಲಿ ಸಮವಾದೀತು? ಬನಾರಸ್ ಸೀರೆಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೂ ಅಂಗಡಿಗಳಲ್ಲಿ ನಕಲಿಗೆ ಕೊರತೆಯಿಲ್ಲ.

ಇಳಕಲ್ಲಿನ ಕೊಂಡಿ

ನಮ್ಮ ರಾಜ್ಯದಲ್ಲೂ ಕೆಂಪು ತೋಪಿನ ಸೆರಗಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿವೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯಲ್ಲಿ ಒಂದು ವಿಶೇಷ ಇದೆ. ಸೀರೆಯ ಒಡಲಿಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಮಗ್ಗದಲ್ಲೇ ಬೆಸೆಯುತ್ತಾರೆ. ಇದಕ್ಕೆ 'ಕೊಂಡಿ' ಎಂದು ಹೆಸರು. ಬಹಳ ತಾಳ್ಮೆ ಬೇಡುವ ಈ ಕೆಲಸಕ್ಕೆ ಮನೆಯ ಇನ್ನೊಬ್ಬರ ಕೈಯೂ ಬೇಕು. ಒಬ್ಬನೇ ಕುಳಿತು ಇಳಕಲ್ ಸೀರೆಯ ಎಲ್ಲ ಕೆಲಸ ಮುಗಿಸುವುದು ಸಾಧ್ಯವಿಲ್ಲದ ಮಾತು.

ಇಂಥ ಕುಶಲತೆಯನ್ನು ಯಾವ ಸಹಾಯಧನವೂ ಅಂಗಡಿಯಿಂದ ತಂದು ಕೊಡಲಾರದು. ಅದು ತಾಯಿಯಿಂದ ಮಗಳಿಗೆ, ತಂದೆಯಿಂದ ಮಗನಿಗೆ ನೋಡುತ್ತಾ ಮಾಡುತ್ತಾ ಬರುವಂಥದ್ದು. ಆದರೆ ಕುಶಲತೆ ಇದ್ದೂ ಸಲಕರಣೆ ಮುರಿದಿದ್ದರೆ ಮುಂದಿನ ಪೀಳಿಗೆ ಏಕೆ ಕಲಿತೀತು? ಮಗ ಹೋಟೆಲ್ ಕೆಲಸಕ್ಕೆ ಪಟ್ಟಣದ ಬಸ್ಸು ಹತ್ತುತ್ತಾನೆ. ಮಗಳು ಮದುವೆಯಾಗಿ ಹೋದಲ್ಲಿ ಮಗ್ಗವೇ ಇರುವುದಿಲ್ಲ. ಅಲ್ಲಿಗೆ ಆ ಮನೆಯ ವಿದ್ಯೆ ಮುಗಿಯಿತು.

ನೆರವು ಎಡವುವುದು ಎಲ್ಲಿ?

ಶೇ. 90ರಷ್ಟು ನೆರವಿದ್ದರೂ ಕಷ್ಟ ಏಕೆ ತೀರುವುದಿಲ್ಲ? ಇದಕ್ಕೆ ಕಾರಣಗಳು ಹಲವು.

ಮೊದಲನೆಯದು ಹೆಸರು. ಗಣತಿಯ ನಂತರ ನೇಕಾರರಿಗೆ ಭಾವಚಿತ್ರ ಇರುವ ಗುರುತಿನ ಚೀಟಿ ಕೊಡಲಾಗುತ್ತದೆ. ಯೋಜನೆಗಳ ಬಾಗಿಲು ತೆರೆಯುವುದು ಈ ಚೀಟಿಯಿಂದ. ಗಣತಿಯವರು ಬಂದಾಗ "ನೇಕಾರರು ಯಾರು?" ಎಂದರೆ ಮನೆಯ ಯಜಮಾನನ ಹೆಸರು ಹೇಳುವುದು ವಾಡಿಕೆ. ಹೆಂಗಸರು ಒಳಗಿನಿಂದ ಮಾತಾಡುವುದಿಲ್ಲ. ಒಂದು ನಿಮಿಷದ ಆ ಮೌನದ ಬೆಲೆಯನ್ನು ಹತ್ತು ವರ್ಷ ತೆರಬೇಕಾಗುತ್ತದೆ. ಏಕೆಂದರೆ ಈವರೆಗಿನ ಗಣತಿಗಳು ನಡೆದದ್ದು ಹೆಚ್ಚುಕಡಿಮೆ ಹತ್ತು ವರ್ಷಗಳಿಗೊಮ್ಮೆ. ಕರ್ನಾಟಕ ಸರಕಾರ 2020ರಲ್ಲಿ ನೇಕಾರ ಸಮ್ಮಾನ್ ಯೋಜನೆ ತಂದು ವರ್ಷಕ್ಕೆ 2,000 ರೂಪಾಯಿಯನ್ನು ನೇರವಾಗಿ ಖಾತೆಗೆ ಹಾಕಿತು, ಮುಂದೆ ಅದನ್ನು 5,000ಕ್ಕೆ ಏರಿಸಿತು. ಅಲ್ಲೂ ಹಣ ಹೋದದ್ದು ದಾಖಲೆಯಲ್ಲಿದ್ದ ಹೆಸರಿಗೇ.

ಎರಡನೆಯದು ಆ ಹತ್ತು ಪಾಲು. ತಿಂಗಳಿಗೆ 5,000ವೂ ಕಾಣದ ಮನೆಯಲ್ಲಿ 3,000 ರೂಪಾಯಿ ಒಟ್ಟಿಗೆ ತೆಗೆದಿಡುವುದು ಸಣ್ಣ ಮಾತಲ್ಲ. ಆ ಹಣಕ್ಕಾಗಿ ಗದ್ದೀದಾರನ ಬಳಿ ಮುಂಗಡ ಪಡೆದರೆ ಹೊಸ ಮಗ್ಗ ಬಂದರೂ ನೇಕಾರ ಅವನಿಗೇ ಕಟ್ಟುಬೀಳುತ್ತಾನೆ.

ಮೂರನೆಯದು ಆಯ್ಕೆ. ಇಳಕಲ್ ಸೀರೆಗೆ ಬೇಕಾದದ್ದು ಖಣಕ್ಕೆ ಬೇಡ. ಖಣಕ್ಕೆ ಬೇಕಾದದ್ದು ಟವೆಲ್ ನೇಯುವವರಿಗೆ ಬೇಡ. ಮನೆಯ ಚಾವಣಿ ತಗ್ಗಿದ್ದರೆ ಎತ್ತರದ ಜಕಾರ್ಡ್ ನಿಲ್ಲುವುದೇ ಇಲ್ಲ. ಪಕ್ಕದ ಮನೆಗೆ ಬಂತೆಂದು ತಾವೂ ಅದನ್ನೇ ಬರೆಸಿದರೆ ಸಲಕರಣೆ ಮೂಲೆ ಸೇರುತ್ತದೆ. ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿ ಇದ್ದಾರೆಯೇ ಎಂಬುದನ್ನೂ ನೋಡಬೇಕು.

ನಾಲ್ಕನೆಯದು ನೂಲು ಮತ್ತು ಮಾರುಕಟ್ಟೆ. ಮಗ್ಗ ಹೊಸದಾದರೂ ನೂಲಿನ ಬೆಲೆ ಏರಿದರೆ, ಸೀರೆ ಕೊಳ್ಳುವವರಿಲ್ಲದಿದ್ದರೆ ಫಲವೇನು? ಹತ್ತಿ ಲಡಿ ನೂಲು, ದೇಶೀ ರೇಷ್ಮೆ, ಉಣ್ಣೆ ಮುಂತಾದವುಗಳ ಬೆಲೆಯಲ್ಲಿ ಶೇ. 15ರಷ್ಟು ರಿಯಾಯಿತಿ ಕೊಡುವ ಕಚ್ಚಾವಸ್ತು ಯೋಜನೆಯನ್ನು ಕೇಂದ್ರ ಸರಕಾರ ರೂಪಿಸಿದೆ. ಮಗ್ಗದ ಅರ್ಜಿಯ ಜೊತೆಗೆ ಇದನ್ನೂ ಕೇಳಿ ತಿಳಿದುಕೊಳ್ಳಬೇಕು. ಸಲಕರಣೆ, ನೂಲು, ಮಾರಾಟ ಇವು ಮೂರೂ ಕೂಡಿ ಬಂದರೆ ಮಾತ್ರ ಒಲೆ ಉರಿಯುತ್ತದೆ.

ಹೆಂಗಸರು ಮಾಡಬಹುದಾದದ್ದು

ನೇಕಾರ ಮನೆಯ ಸೋದರಿಯರು ಮೊದಲು ಮನೆಯಲ್ಲಿರುವ ಗುರುತಿನ ಚೀಟಿ ತೆಗೆದು ನೋಡಲಿ. ಅದು ಯಾರ ಹೆಸರಿನಲ್ಲಿದೆ? ನೇಯ್ಗೆ ಬಲ್ಲ ಹೆಂಗಸಿನ ಹೆಸರೂ ಪ್ರತ್ಯೇಕವಾಗಿ ಬರಬೇಕು ಎಂದು ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಯಲ್ಲಿ ಕೇಳಬೇಕು. ಪತಿಯೊಂದಿಗೆ ಹೋಗಬಹುದು, ಅಕ್ಕಪಕ್ಕದ ನಾಲ್ಕು ಹೆಂಗಸರು ಸೇರಿಯೂ ಹೋಗಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಡಿತರ ಚೀಟಿ ಈ ಮೂರರಲ್ಲೂ ಹೆಸರು ಒಂದೇ ರೀತಿ ಬರೆದಿದೆಯೇ ನೋಡಿಕೊಳ್ಳಿ. ಒಂದರಲ್ಲಿ 'ಬೀ', ಇನ್ನೊಂದರಲ್ಲಿ 'ಬೇಗಂ', ಮತ್ತೊಂದರಲ್ಲಿ ಗಂಡನ ಹೆಸರು ಸೇರಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ನಮ್ಮ ಹೆಣ್ಣುಮಕ್ಕಳ ಕಾಗದಗಳಲ್ಲಿ ಈ ತೊಡಕು ಅಪರೂಪವಲ್ಲ.

ಬ್ಯಾಂಕ್ ಖಾತೆ ತನ್ನದೇ ಹೆಸರಿನಲ್ಲಿ ಇರಲಿ. ಸಲಕರಣೆ ಬರೆಸುವ ಮೊದಲು ಅದನ್ನು ಬಳಸುತ್ತಿರುವ ಮನೆಗೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಯೋಜನೆಗಳ ಅವಧಿಯೂ ನಿಯಮಗಳೂ ಕಾಲಕಾಲಕ್ಕೆ ಬದಲಾಗುತ್ತವೆ. ಆದ್ದರಿಂದ ಅರ್ಜಿ ಹಾಕುವ ದಿನದಂದು ಏನು ಜಾರಿಯಲ್ಲಿದೆ ಎಂಬುದನ್ನು ಕಚೇರಿಯಲ್ಲೇ ಕೇಳಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. "ನಾನು ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ" ಎಂದು ಬರುವ ಮಧ್ಯವರ್ತಿಯ ಕೈಗೆ ಚೀಟಿಯನ್ನೂ ಪಾಸ್‌ಬುಕ್ಕನ್ನೂ ಒಪ್ಪಿಸಬೇಡಿ.

ಓದು ಅರ್ಧಕ್ಕೆ ಬಿಟ್ಟ ನೇಕಾರ ಹೆಣ್ಣುಮಕ್ಕಳಿಗೆ ಇನ್ನೊಂದು ಅವಕಾಶವೂ ಇದೆ. 2016ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಮತ್ತು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದೊಂದಿಗೆ ಕೇಂದ್ರ ಜವಳಿ ಇಲಾಖೆ ಒಪ್ಪಂದ ಮಾಡಿಕೊಂಡು, ಮಹಿಳಾ ನೇಕಾರರ ಶುಲ್ಕದಲ್ಲಿ ಶೇ. 75 ಮರಳಿಸುವ ವ್ಯವಸ್ಥೆ ಮಾಡಿತು. ಮಗ್ಗದ ಅರ್ಜಿಗೆ ಹೋದವರು ಇದರ ಬಗ್ಗೆಯೂ ವಿಚಾರಿಸಬಹುದು. ಅರ್ಜಿಯನ್ನು ತಾನೇ ಓದಿ ಸಹಿ ಹಾಕುವ ಹೆಣ್ಣನ್ನು ಮೋಸ ಮಾಡುವುದು ಸುಲಭವಲ್ಲ.

ಜಮಾಅತ್ ಮತ್ತು ಕೊಳ್ಳುವವರ ಪಾಲು

ನೇಕಾರರಿಲ್ಲದ ಊರಿನಲ್ಲಿ ಇರುವವರು "ನಮಗೇನು?" ಎನ್ನಬಾರದು. ನಮ್ಮ ಮಹಲ್ಲಾಗಳಲ್ಲಿ ಬೈತುಲ್ ಮಾಲ್‌ಗಳಿವೆ, ಹೊಲಿಗೆ ಯಂತ್ರ ವಿತರಣೆ ನಡೆಯುತ್ತದೆ. ನೇಕಾರರಿರುವ ಊರುಗಳಲ್ಲಿ ಬಡ ಕುಟುಂಬದ ಆ ಶೇ. 10ರ ಪಾಲನ್ನು ಜಮಾಅತ್ ಭರಿಸಿದರೆ, ಕೊಟ್ಟ 3,000ಕ್ಕೆ ಸರಕಾರದ 27,000 ಸೇರಿಕೊಳ್ಳುತ್ತದೆ. ಇಷ್ಟು ಸಣ್ಣ ಹಣದಲ್ಲಿ ಒಂದು ಕುಟುಂಬವನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವ ದಾರಿಗಳು ಹೆಚ್ಚಿಲ್ಲ. ಅದು ನಮ್ಮವರಿಗೆ ಮಾತ್ರ ಎಂದಾಗಬೇಕಿಲ್ಲ. ಪಕ್ಕದ ಮನೆಯ ದೇವಾಂಗ ಸಮಾಜದ ವಿಧವೆಯೂ ಅದೇ ರಾಟೆಯ ಮುಂದೆ ಕೂರುವವಳು.

ಕೊಳ್ಳುವವರಾಗಿ ನಮ್ಮ ಪಾಲೂ ಇದೆ. ಕೈಮಗ್ಗದ ಬಟ್ಟೆಗೆ 2006ರಿಂದ 'ಹ್ಯಾಂಡ್‌ಲೂಮ್ ಮಾರ್ಕ್' ಎಂಬ ಗುರುತು ಇದೆ. 2015ರಲ್ಲಿ 'ಇಂಡಿಯಾ ಹ್ಯಾಂಡ್‌ಲೂಮ್' ಬ್ರಾಂಡ್ ಬಂತು. ಮದುವೆಗೆ ಸೀರೆ ತೆಗೆಯುವಾಗ ಆ ಗುರುತು ಕೇಳಿ. ಸೀರೆಯ ಅಂಚಿನ ಬದಿಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಕಂಡರೆ, ನೇಯುವಾಗ ಬಟ್ಟೆಯನ್ನು ಅಗಲಕ್ಕೆ ಬಿಗಿದು ಹಿಡಿದ ಗುರುತು ಅದು. ಕೈಮಗ್ಗದ ಬಟ್ಟೆಯಲ್ಲಿ ಅದು ಸಾಮಾನ್ಯ. ಹಿಂಬದಿಯನ್ನೂ ತಿರುಗಿಸಿ ನೋಡಿ, ಎಳೆಗಳು ಹೇಗೆ ಸಾಗಿವೆ ಎಂದು ತಿಳಿದವರನ್ನು ಕೇಳಿ. ಒಂದು ಮದುವೆಗೆ ನಕಲಿ ಜರಿಯ ಹತ್ತು ಸೀರೆ ತೆಗೆಯುವ ಬದಲು ಕೈಮಗ್ಗದ ಮೂರು ತೆಗೆದರೆ, ಆ ಹಣ ಯಾವುದೋ ನೇಕಾರ ಮನೆಯ ಅಕ್ಕಿ ಡಬ್ಬಿಯನ್ನು ತಲುಪುತ್ತದೆ.

1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಕೈಕಸುಬುಗಳ ಉಳಿವಿಗಾಗಿ ಜೀವಮಾನವಿಡೀ ದುಡಿದರು. ಅವರ ಹೆಸರಿನಲ್ಲಿ ಇಂದು ಮಹಿಳಾ ನೇಕಾರರಿಗೆಂದೇ ರಾಷ್ಟ್ರೀಯ ಪ್ರಶಸ್ತಿ ಇದೆ. ಪ್ರಶಸ್ತಿ ಒಳ್ಳೆಯದೇ. ಆದರೆ ಅದು ವರ್ಷಕ್ಕೆ ಕೆಲವರಿಗೆ ಮಾತ್ರ. ಉಳಿದ ಲಕ್ಷಾಂತರ ಹೆಂಗಸರಿಗೆ ಬೇಕಾದದ್ದು ಒಂದು ಗುರುತಿನ ಚೀಟಿ, ಬೆನ್ನು ಮುರಿಯದ ಒಂದು ಮಗ್ಗ, ಮಾಡಿದ ಕೆಲಸಕ್ಕೆ ತನ್ನ ಕೈಗೇ ಬರುವ ಕೂಲಿ. ಮೊದಲ ಎರಡನ್ನು ಸರಕಾರದ ಕಡೆಯಿಂದ ಕೇಳಿ ಪಡೆಯುವ ದಾರಿ ಇದೆ. ಮೂರನೆಯದು ಮನೆಯೊಳಗೇ ಆಗಬೇಕಾದದ್ದು. ಇನ್ನು ಮುಂದೆ ಗಣತಿಯವರು ಬಾಗಿಲಿಗೆ ಬಂದು "ಈ ಮನೆಯಲ್ಲಿ ನೇಕಾರರು ಯಾರು?" ಎಂದು ಕೇಳಿದಾಗ, ಮನೆಯ ಗಂಡಸರು ತಮ್ಮ ಹೆಸರಿನ ಜೊತೆಗೆ ಒಳಗಿರುವವರ ಹೆಸರನ್ನೂ ಬರೆಸಲಿ. ಅವರು ಮರೆತರೆ ಒಳಗಿನಿಂದಲೇ ಒಂದು ದನಿ ಬರಲಿ: "ನನ್ನ ಹೆಸರೂ ಬರೆದುಕೊಳ್ಳಿ, ನಾನೂ ನೇಯುತ್ತೇನೆ."